ಜಮಾಅತ್‌ಗೆ ನಿಲ್ಲುವ ಮಗಳಿಗೆ

ಪ್ರೀತಿಯ ಮಗಳೇ,
ಅಸ್ಸಲಾಮು ಅಲೈಕುಮ್.

ಶಾಲೆಯಲ್ಲಿ ಝುಹರ್ (ಮಧ್ಯಾಹ್ನದ ನಮಾಝ್) ಜಮಾಅತ್‌ಗೆ, ಅಂದರೆ ಸಾಮೂಹಿಕ ನಮಾಝ್‌ಗೆ, ಹಾಜರಿ ಹಾಕಿ, ಅದನ್ನು ನಡತೆಯ ಅಂಕಕ್ಕೆ ಸೇರಿಸುತ್ತಾರೆ ಎಂದು ಸಿಟ್ಟಿನಿಂದ ಬರೆದಿದ್ದೀಯೆ. ಮೊದಲ ಸಾಲಿನಲ್ಲಿ ನಿಲ್ಲುವ ಹುಡುಗಿಯೇ ತರಗತಿಗೆ ಮರಳಿದೊಡನೆ ಚಿಕ್ಕವರನ್ನು ಗೇಲಿ ಮಾಡುತ್ತಾಳಂತೆ. ನಮಾಝ್‌ನಿಂದ ಗುಣ ತಿದ್ದುತ್ತದೆ ಎನ್ನುವುದು ಬರೀ ಮಾತೇ ಎಂದು ನಿನ್ನ ಪ್ರಶ್ನೆ.

ಕೇಳಬೇಕಾದ ಪ್ರಶ್ನೆಯೇ. ನಮಾಝ್ ಕೆಡುಕಿನಿಂದ ತಡೆಯುತ್ತದೆ ಎಂದು ಹೇಳುವ ಕುರ್‌ಆನೇ (29:45), 'ಅಲ್ ಮಾಊನ್' ಸೂರಾದಲ್ಲಿ (ಅಧ್ಯಾಯದಲ್ಲಿ) ತೋರಿಕೆಗೆ ನಮಾಝ್ ಮಾಡಿ, ಸಣ್ಣಪುಟ್ಟ ಉಪಕಾರಕ್ಕೂ ಕೈ ಬಿಗಿ ಹಿಡಿಯುವವರನ್ನು ಕಟುವಾಗಿ ಎಚ್ಚರಿಸುತ್ತದೆ. ಈ ವ್ಯತ್ಯಾಸ ಹಾಜರಿ ಪುಸ್ತಕಕ್ಕೆ ಕಾಣದು. ನನ್ನನ್ನು ಕೇಳಿದರೆ ಆ ಅಂಕವನ್ನು ಇಂದೇ ಕೈಬಿಡಬೇಕು.

ಆದರೆ ಜಮಾಅತ್ ಬೇಕೇ ಬೇಕು. ಒಬ್ಬರೇ ಮಾಡುವ ನಮಾಝ್‌ಗಿಂತ ಅದಕ್ಕೆ 27 ಪಟ್ಟು ಪುಣ್ಯವಿದೆ ಎಂಬ ಹದೀಸನ್ನು (ಪ್ರವಾದಿಯವರ ವಚನವನ್ನು) ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಸಾಲು ನೇರವಾಗಿಸಿ ಎನ್ನುವ ಹದೀಸು. ಬೆಳಿಗ್ಗೆ ಜಗಳವಾಡಿದವಳ ಪಕ್ಕದಲ್ಲೇ ಜಾಗ ಸಿಕ್ಕರೂ ನಡುವೆ ತೆರವು ಬಿಡುವಂತಿಲ್ಲ. ಭುಜಕ್ಕೆ ಭುಜ ತಾಗಬೇಕು, ಹಿಮ್ಮಡಿ ಸಾಲಿಗೆ ಬರಬೇಕು. ತಡವಾದರೂ ಓಡಿಬರುವಂತಿಲ್ಲ; ಶಾಂತವಾಗಿ ನಡೆದು ಬಂದು, ಸಿಕ್ಕಷ್ಟನ್ನು ಎಲ್ಲರೊಡನೆ ಮಾಡಿ, ನಮಾಝ್ ಮುನ್ನಡೆಸುವ ಇಮಾಮರು ಸಲಾಮ್ ಹೇಳಿ ಮುಗಿಸಿದ ಮೇಲೆ ಬಾಕಿ ರಕಅತ್‌ಗಳನ್ನು (ನಮಾಝ್‌ನ ಸುತ್ತುಗಳನ್ನು) ಒಬ್ಬಳೇ ಎದ್ದು ಪೂರೈಸಬೇಕು. ಎಷ್ಟು ಬೇಗ ಮುಗಿಸಬಲ್ಲೆನೆಂದರೂ ಇಮಾಮರಿಗಿಂತ ಮುಂಚೆ ತಲೆ ಎತ್ತುವಂತಿಲ್ಲ. ಇದನ್ನೆಲ್ಲ ಒಬ್ಬಳೇ ಮುಸಲ್ಲಾ (ನಮಾಝ್‌ನ ಚಾಪೆ) ಹಾಸಿಕೊಂಡು ಕಲಿಯಲಾಗದು. ವುಝೂ (ನಮಾಝ್‌ಗೆ ಮುನ್ನ ಅಂಗಶುದ್ಧಿ) ಮಾಡುವ ಜಾಗದಲ್ಲಿ ನಲ್ಲಿ ಬಿಟ್ಟು ಹರಟುವವರಿಗೆ, ಪ್ರವಾದಿಯವರು(ಸ) ಒಂದು ಮುದ್ದ್ ಅಳತೆಯ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಹೇಳು. ಲೆಕ್ಕ ಹಾಕಿದರೆ ಒಂದು ಲೀಟರೂ ಆಗುವುದಿಲ್ಲ.

ಇನ್ನು, ಮುಂದಿನ ವಾರ ಹುಡುಗಿಯರ ಜಮಾಅತ್‌ಗೆ ನೀನೇ ಇಮಾಮ್ ಎಂದು ಹೆದರಿದ್ದೀಯಲ್ಲ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ (ಕರ್ಮಶಾಸ್ತ್ರದ ಪಂಥದಲ್ಲಿ) ಇದಕ್ಕೆ ಅಡ್ಡಿಯಿಲ್ಲ. ಪ್ರವಾದಿಯವರ(ಸ) ಪತ್ನಿಯರಾದ ಆಯಿಷಾ(ರ), ಉಮ್ಮು ಸಲಮಾ(ರ) ಇಬ್ಬರೂ ಸ್ತ್ರೀಯರಿಗೆ ಇಮಾಮರಾಗಿ ನಿಂತ ವರದಿಗಳಿವೆ. ನಿಂತದ್ದು ಮುಂದೆ ಅಲ್ಲ, ಅದೇ ಸಾಲಿನ ನಡುವೆ. ನೀನೂ ಅಲ್ಲೇ ನಿಲ್ಲು.

ಉದ್ದದ ಸೂರಾ ಓದಿ ಮೆಚ್ಚುಗೆ ಗಳಿಸಲು ಹೋಗಬೇಡ. ಪ್ರವಾದಿಯವರ(ಸ) ಸಂಗಾತಿ ಮುಆದ್(ರ) ಇಶಾ (ರಾತ್ರಿಯ) ನಮಾಝ್‌ನಲ್ಲಿ ಬಹಳ ಉದ್ದದ 'ಅಲ್ ಬಕರ' ಸೂರಾ ಓದತೊಡಗಿದಾಗ, ದಿನವಿಡೀ ದುಡಿದು ಬಂದಿದ್ದ ಒಬ್ಬರು ಜಮಾಅತ್ ಬಿಟ್ಟು ಬೇರೆಯಾಗಿ ನಮಾಝ್ ಮುಗಿಸಿ ಹೋದರು. ದೂರು ತಲುಪಿದಾಗ ಪ್ರವಾದಿಯವರು(ಸ) ಗದರಿದ್ದು ಹೋದವರನ್ನಲ್ಲ, ಮುಆದ್‌ರನ್ನು. 'ಅಶ್ಶಂಸ್'ನಂತಹ ಚಿಕ್ಕ ಸೂರಾ ಓದಬಾರದೇ ಎಂದರು. ನಿನ್ನ ಹಿಂದೆ ಏಳು ವರ್ಷದ ಮಕ್ಕಳೂ ಇರುತ್ತಾರೆ, ಹಸಿದಿರುತ್ತಾರೆ. ಹಾಗೆಂದು ರುಕೂ (ಬಾಗುವುದು), ಸುಜೂದ್ (ಹಣೆ ನೆಲಕ್ಕಿಡುವುದು) ಮಾಡುವಾಗ ಅವಸರ ಬೇಡ.

ರಕಅತ್‌ನ ಎಣಿಕೆ ತಪ್ಪಿದರೆ ಯಾರಾದರೂ ಕೈ ತಟ್ಟಿ ಎಚ್ಚರಿಸುತ್ತಾರೆ. ಮುಖ ಊದಿಸಿಕೊಳ್ಳದೆ ಸರಿಪಡಿಸಿ, ಸಲಾಮ್‌ಗೆ ಮುನ್ನ ಮರೆವಿನ ಎರಡು ಸುಜೂದ್ ಮಾಡು. ತಟ್ಟಿದವಳು ಆ ಗೇಲಿಯ ಹುಡುಗಿಯೇ ಆಗಿದ್ದರೂ ಅಷ್ಟೇ.

ನಿನ್ನ ಉಮ್ಮ