ಮಗಳಿಗೊಂದು ಪತ್ರ: ಕಿವಿಗೂ ಸ್ವಲ್ಪ ಇಂಗ್ಲಿಷ್ ಬೀಳಲಿ

ಪ್ರೀತಿಯ ಪುಟ್ಟಿ,

ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಪರೀಕ್ಷೆಯ ಇಂಗ್ಲಿಷ್ ಪೇಪರಿನಲ್ಲಿ ಪ್ಯಾಸೇಜ್, ಅಂದರೆ ಅಲ್ಲೇ ಕೊಟ್ಟಿದ್ದನ್ನು ಓದಿ ಉತ್ತರ ಬರೆಯುವ ಭಾಗ, ಬಿಟ್ಟು ಬಂದೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. 'ಅದು ಗೈಡಲ್ಲಿ ಇರಲಿಲ್ಲಮ್ಮ' ಅಂದೆ. ಅದು ಯಾವ ಗೈಡಲ್ಲೂ ಇರುವುದಿಲ್ಲ ಕಣೇ. ಪಾಠದ ಪ್ರಶ್ನೋತ್ತರ ಬಾಯಿಪಾಠ ಮಾಡಬಹುದು. ಪದ್ಯದ ಸಾಲುಗಳನ್ನಂತೂ ಮಾಡಲೇಬೇಕು. ಪ್ಯಾಸೇಜನ್ನು ಮಾತ್ರ ನೀನು ಮೊದಲ ಸಲ ನೋಡುವುದೇ ಪರೀಕ್ಷೆ ಹಾಲಿನಲ್ಲಿ. 80 ಅಂಕದ ಪೇಪರಿನಲ್ಲಿ ಅದಕ್ಕಿರುವುದು 4 ಅಂಕ. ಆದರೆ ಉತ್ತರ ಅಲ್ಲೇ ಕಣ್ಣೆದುರಿಗೆ ಅಚ್ಚಾಗಿರುತ್ತದೆ. ಅದನ್ನು ಬಿಟ್ಟು ಬರುವುದು ಬೇಡ.

ಮೊದಲು ಪ್ರಶ್ನೆ ಓದು, ಆಮೇಲೆ ಪ್ಯಾಸೇಜ್. ಏನು ಹುಡುಕಬೇಕು ಅಂತ ಗೊತ್ತಿದ್ದರೆ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. 'ವೈ' ಅಂತ ಕೇಳಿದ್ದರೆ 'ಬಿಕಾಸ್', 'ಸೋ', 'ಸಿನ್ಸ್' ಎಲ್ಲಿದೆ ನೋಡು. 'ಇಟ್', 'ದೇ' ಬಂದರೆ ಅದು ಯಾವುದಕ್ಕೆ, ಯಾರಿಗೆ ಹೇಳಿದ್ದು ಅಂತ ಹಿಂದಿನ ಸಾಲು ನೋಡಿ ಬಾ. ಪೇಪರ್ ಓದಿಕೊಳ್ಳಲು ಅಂತಲೇ 15 ನಿಮಿಷ ಕೊಡುತ್ತಾರಲ್ಲ, ಆಗಲೇ ಒಂದು ಸಲ ಪೂರ್ತಿ ಓದಿಬಿಡು.

ಗೊತ್ತಿಲ್ಲದ ಪದ ಬಂದ ತಕ್ಷಣ ಗಾಬರಿಯಾಗುತ್ತೀಯ, ನನಗೆ ಗೊತ್ತು. ಒಂದು ಸಾಲು ಬರೆಯುತ್ತೇನೆ ನೋಡು: 'ದಿ ವೆಲ್ ವಾಸ್ ಶ್ಯಾಲೋ, ವಿ ಕುಡ್ ಸೀ ದಿ ಸ್ಟೋನ್ಸ್ ಅಟ್ ದಿ ಬಾಟಮ್.' 'ಶ್ಯಾಲೋ' ಗೊತ್ತಿಲ್ಲ ಅಂತಿಟ್ಟುಕೋ. ಬಾವಿ ಗೊತ್ತು, ತಳದ ಕಲ್ಲು ಕಾಣುತ್ತಿತ್ತು ಅನ್ನುವುದೂ ಗೊತ್ತು. ಹಾಗಾದರೆ ಆ ಬಾವಿ ಜಾಸ್ತಿ ಆಳ ಇರಲಿಕ್ಕಿಲ್ಲ, ಅಲ್ವಾ? ಡಿಕ್ಷನರಿ ಇಲ್ಲದೆಯೇ ಅರ್ಥ ಸಿಕ್ಕಿತು. ದಿನಾ ಹೀಗೆ ಊಹಿಸಿ ಊಹಿಸಿಯೇ ಧೈರ್ಯ ಬರಬೇಕು.

ಅದಕ್ಕೆ ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗು. 'ಪ್ರಜಾವಾಣಿ', 'ಡೆಕ್ಕನ್ ಹೆರಾಲ್ಡ್' ಎರಡೂ ಒಂದೇ ಸಂಸ್ಥೆಯ ಪತ್ರಿಕೆಗಳು. ರಾಜ್ಯದ ದೊಡ್ಡ ಸುದ್ದಿ ಇದ್ದ ದಿನ ಎರಡರಲ್ಲೂ ಇರುತ್ತದೆ. ಮೊದಲು ಕನ್ನಡದಲ್ಲಿ ಓದು, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ. ಇಡೀ ಪತ್ರಿಕೆ ಬೇಡ, ಒಂದು ಸುದ್ದಿ ಸಾಕು. ಅಲ್ಲಿ ಇಂಗ್ಲಿಷ್ ಪತ್ರಿಕೆ ಬರದಿದ್ದರೆ ಚಿಕ್ಕಪ್ಪನ ಫೋನಿನಲ್ಲಿ ನೋಡು.

ಇನ್ನು ಕೇಳುವ ವಿಷಯ. ನನಗೆ ನಿಜವಾಗಿ ಕಾಳಜಿ ಇರುವುದು ಇದರ ಬಗ್ಗೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ನಿನ್ನ ಕಿವಿಯನ್ನು ಪರೀಕ್ಷೆ ಮಾಡುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗ ಸಿಬಿಎಸ್‌ಇ 12ನೇ ಕ್ಲಾಸು. ಅವರಿಗೆ ಇಂಗ್ಲಿಷಿನಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೇ 5 ಅಂಕ, ಮಾತಿಗೆ 5 ಅಂಕ ಇಟ್ಟಿದ್ದಾರೆ. ಅಂಕ ಇದ್ದರೆ ಶಾಲೆಯಲ್ಲೂ ಅಭ್ಯಾಸ ಮಾಡಿಸುತ್ತಾರೆ. ನಿನಗೆ ಆ ಅಂಕ ಇಲ್ಲ, ಆದರೆ ಸೈನ್ಸ್ ತಗೋತೀನಿ ಅಂತಿದ್ದೀಯ. ಪಿಯುಸಿ ಸೈನ್ಸ್ ಪಾಠ ಇಂಗ್ಲಿಷಿನಲ್ಲೇ. ಮೊದಲ ದಿನದಿಂದಲೇ ಕೇಳಿ ಕೇಳಿ ನೋಟ್ಸ್ ಬರೆದುಕೊಳ್ಳಬೇಕು. ನಮ್ಮ ಆಸ್ಪತ್ರೆ ವಾರ್ಡಿಗೆ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರನ್ನು ನೋಡುತ್ತಿರುತ್ತೇನೆ. ಕೇಸ್ ಶೀಟಿನಲ್ಲಿ ಬರೆದಿದ್ದನ್ನು ಚೆನ್ನಾಗಿ ಓದುತ್ತಾರೆ. ಅದನ್ನೇ ಡಾಕ್ಟರು ರೌಂಡ್ಸಿನಲ್ಲಿ ಬಾಯಲ್ಲಿ ಹೇಳಿದರೆ ಮುಖ ಮುಖ ನೋಡುತ್ತಾರೆ. ಗೊತ್ತಿರುವ ಪದವೇ, ಕಿವಿಗೆ ಪರಿಚಯ ಇರುವುದಿಲ್ಲ ಅಷ್ಟೇ.

ಇಂಗ್ಲಿಷಿನಲ್ಲಿ ಬರೆದ ಅಕ್ಷರವೆಲ್ಲ ಬಾಯಲ್ಲಿ ಬರುವುದಿಲ್ಲ, ಪದಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 'ನಾಟ್ ಅಟ್ ಆಲ್' ಅನ್ನುವುದು ಕಿವಿಗೆ 'ನಾಟಟಾಲ್' ಅಂತ ಒಂದೇ ಪದದ ಹಾಗೆ ಬೀಳುತ್ತದೆ. ನಾವೂ 'ಬರುತ್ತಾ ಇದ್ದೇನೆ' ಅನ್ನುವುದನ್ನು 'ಬರ್ತಿದೀನಿ' ಅನ್ನುವುದಿಲ್ವಾ? ಇದು ಕಿವಿಗೆ ರೂಢಿಯಾದರೆ ಪರೀಕ್ಷೆಯಲ್ಲಿ ಒಂದು ಪದದಲ್ಲಿ ಸಿಲೆಬಲ್, ಅಂದರೆ ಉಚ್ಚಾರದ ತುಂಡು, ಎಷ್ಟು ಅಂತ ಕೇಳುವ ಪ್ರಶ್ನೆಯೂ ಸುಲಭ.

ಬೆಳಿಗ್ಗೆ ಅಜ್ಜಿ ಆಕಾಶವಾಣಿಯಲ್ಲಿ ಕನ್ನಡ ವಾರ್ತೆ ಹಾಕುತ್ತಾರಲ್ಲ, ಅದನ್ನು ಗಮನ ಇಟ್ಟು ಕೇಳು. ರಾತ್ರಿ 9 ಗಂಟೆಗೆ ಇಂಗ್ಲಿಷ್ ವಾರ್ತೆ 15 ನಿಮಿಷ ಬರುತ್ತದೆ. ಬೆಳಿಗ್ಗೆ ಕೇಳಿದ ಕೆಲವು ಸುದ್ದಿ ರಾತ್ರಿ ಮತ್ತೆ ಸಿಗುತ್ತವೆ. ವಿಷಯ ಮೊದಲೇ ಗೊತ್ತಿದ್ದರೆ ಕಿವಿ ಪದಗಳನ್ನು ತಾನೇ ಹಿಡಿಯುತ್ತದೆ. ಶುರುವಿನಲ್ಲಿ ಊರಿನ ಹೆಸರು, ಅಂಕಿ ಅಷ್ಟೇ ಸಿಕ್ಕರೂ ಪರವಾಗಿಲ್ಲ, ಅದನ್ನೇ ಬರೆದಿಡು. ಸುಮ್ನೆ ಹಾಕಿಕೊಂಡು ಲೆಕ್ಕ ಮಾಡುತ್ತಾ ಕೂತರೆ ಪ್ರಯೋಜನ ಇಲ್ಲ. ಮ್ಯಾಚ್ ಇದ್ದ ದಿನ ಇಂಗ್ಲಿಷ್ ಕಾಮೆಂಟ್ರಿ ಹಾಕಿಕೋ. ಆಟ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಅರ್ಧ ಅರ್ಥ ಅಲ್ಲೇ ಆಗಿಬಿಡುತ್ತದೆ.

ಪಾಠವನ್ನೂ ಗಟ್ಟಿಯಾಗಿ ಓದು. ಅಜ್ಜಿಗೆ ಇಂಗ್ಲಿಷ್ ಬರದಿದ್ದರೂ ಎದುರಿಗೆ ಕೂರಿಸಿಕೊಂಡು ಓದಿ, ಆಮೇಲೆ ಏನಿತ್ತು ಅಂತ ಕನ್ನಡದಲ್ಲಿ ಹೇಳು. ಅವರಿಗೆ ಕಥೆ ತಿಳಿಯಿತು ಅಂದರೆ ನಿನಗೂ ತಿಳಿದಿದೆ ಅಂತ.

ಭಾನುವಾರ ನನಗೆ ಡೇ ಡ್ಯೂಟಿ, ರಾತ್ರಿ 8ರ ಮೇಲೆ ಫೋನ್ ಮಾಡು. ಯಾವುದಾದರೂ ಹಳೇ ಪ್ರಶ್ನೆಪತ್ರಿಕೆ ಪಕ್ಕದಲ್ಲಿ ಇಟ್ಟುಕೊಂಡಿರು. ಪ್ಯಾಸೇಜ್ ನೀನು ಓದು, ನಾನು ಕೇಳಿಸಿಕೊಂಡು ಉತ್ತರ ಹೇಳುತ್ತೇನೆ. ಆಮೇಲೆ ಇನ್ನೊಂದನ್ನು ನಾನು ಓದುತ್ತೇನೆ, ನೀನು ಹೇಳಬೇಕು. ರೇಡಿಯೋ ಸೆಲ್ಲಿಗೆ ಅಂತ ಚಿಕ್ಕಪ್ಪನಿಗೆ ದುಡ್ಡು ಹಾಕಿದ್ದೇನೆ, ಕೇಳಿ ತರಿಸಿಕೋ.

ನಿನ್ನ ಅಮ್ಮ