ಅಪ್ಪನ ಮಣ್ಣಿಗೆ ಬಂದ ಆ ಒಂಬತ್ತು ಮಂದಿಗೆ

ಮೊನ್ನೆ ಶಿವಗಣಾರಾಧನೆ ಮುಗಿಯಿತು. ಬೀಗರು, ನೆಂಟರು ಅವರವರ ಊರು ಸೇರಿಕೊಂಡರು. ಅಪ್ಪನ ಮಣ್ಣಿಗೆ ಬಂದು ಹೆಗಲು ಕೊಟ್ಟವರು, ಅಡುಗೆ ಮನೆ ನೋಡಿಕೊಂಡವರು, ರಾತ್ರಿಯಿಡೀ ಭಜನೆ ಮಾಡಿದವರು, ಎಲ್ಲರಿಗೂ ಕೈಮುಗಿಯುತ್ತೇನೆ. ಆದರೆ ಇವತ್ತು ಬರೆಯುತ್ತಿರುವುದು ನನಗೆ ಹೆಸರೂ ಸರಿಯಾಗಿ ಗೊತ್ತಿಲ್ಲದ ಒಂಬತ್ತು ಮಂದಿಗಾಗಿ.

ಅಪ್ಪ ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದವರು. ತರಬೇತಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಅದೇ ಪಡೆಯ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ. 1971ರ ಡಿಸೆಂಬರಿನ ಪಾಕಿಸ್ತಾನ ಯುದ್ಧದಲ್ಲಿ ಶಕರಗಢದ ಕಡೆ, ಬಸಂತರ್ ನದಿಯ ಹತ್ತಿರ, ನಮ್ಮ ಟ್ಯಾಂಕುಗಳಿಗೆ ದಾರಿಯಾಗಲೆಂದು ನೆಲಬಾಂಬು ತೆಗೆದವರ ಜೊತೆಗಿದ್ದರು. ಮನೆಯಲ್ಲಿ ಆ ಮಾತನ್ನೇ ಎತ್ತುತ್ತಿರಲಿಲ್ಲ. ಆ ಯುದ್ಧಕ್ಕೆ ಸಿಕ್ಕ ಪಶ್ಚಿಮಿ ಸ್ಟಾರ್ ಪದಕ ಅವ್ವನ ಟ್ರಂಕಿನಲ್ಲಿ ಹೊಲದ ಉತಾರದ ಕೆಳಗೆ ಬಿದ್ದಿತ್ತು.

ಅಪ್ಪ ತೀರಿಕೊಂಡ ಬೆಳಗ್ಗೆ ಯಾರೋ ತಾಲ್ಲೂಕಿನ ಮಾಜಿ ಸೈನಿಕರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ್ದರಂತೆ. ಹನ್ನೊಂದರ ಹೊತ್ತಿಗೆ ಒಂದು ಟಂಟಂನಲ್ಲಿ ಐವರು, ಎರಡು ಬೈಕಿನಲ್ಲಿ ನಾಲ್ವರು ಬಂದಿಳಿದರು. ಇಸ್ತ್ರಿ ಮಾಡಿದ ಕೋಟು, ಎದೆ ಮೇಲೆ ಪದಕ, ತಲೆ ಮೇಲೆ ರೆಜಿಮೆಂಟಿನ ಟೋಪಿ. ಒಬ್ಬರೂ ಅಪ್ಪನ ಮುಖ ನೋಡಿದವರಲ್ಲ.

ನನ್ನ ತಮ್ಮ ಅಪ್ಪನಿಗೆ ಹೊದಿಸಲೆಂದು ದೊಡ್ಡದೊಂದು ತ್ರಿವರ್ಣ ಧ್ವಜ ತಂದಿದ್ದ. ಅವರಲ್ಲಿ ಹಿರಿಯರಾದ ಸುಬೇದಾರರು ಅವನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಇದನ್ನ ನಾವಾಗೇ ಹೊದಿಸಾಕ ಬರೂದಿಲ್ಲ. ಸರ್ಕಾರಿ ಗೌರವ, ಸೇನಾ ಗೌರವ ಇದ್ರಷ್ಟ. ಕಾಯ್ದೆ ಐತಿ" ಎಂದರು. ತಮ್ಮನಿಗೆ ಸಿಟ್ಟು ಬಂತು. ಸುಳ್ಳು ಯಾಕೆ, ನನಗೂ ಬಂತು. ಸುಮ್ಮನೆ ಹೊದಿಸಿಬಿಟ್ಟಿದ್ದರೆ ನಮ್ಮೂರಲ್ಲಿ ಯಾರು ಕೇಳುತ್ತಿದ್ದರು? ಅವರು ವಾದ ಮಾಡಲಿಲ್ಲ. ಪದಕ ಎಲ್ಲಿದೆ ಎಂದು ಅವ್ವನನ್ನು ಕೇಳಿ ತರಿಸಿಕೊಂಡು, ತಮ್ಮ ಕರವಸ್ತ್ರದಿಂದ ತಿಕ್ಕಿ ತಿಕ್ಕಿ ಹೊಳೆಯಿಸಿ ಅಪ್ಪನ ಅಂಗಿಗೆ ಚುಚ್ಚಿದರು.

ನಮ್ಮಲ್ಲಿ ಮಣ್ಣು ಕೊಡುವುದು ಕುಳ್ಳಿರಿಸಿ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಪ್ಪ ಹೊತ್ತೊಯ್ಯುವ ವಿಮಾನದಲ್ಲಿ (ಚಟ್ಟದಲ್ಲಿ) ಕುಳಿತಿದ್ದರು. ಭಜನೆಯವರು ತಾಳ ನಿಲ್ಲಿಸಿದರು. ಬ್ಯೂಗಲ್ ಊದುವವರು ಇರಲಿಲ್ಲವಾದ್ದರಿಂದ ಸೈನಿಕರ ಅಂತಿಮ ವಿದಾಯದ ರಾಗ ಲಾಸ್ಟ್ ಪೋಸ್ಟ್ ಮೊಬೈಲಿನಿಂದ, ಗಣಪತಿ ಹಬ್ಬದ ಸ್ಪೀಕರಿನಲ್ಲಿ. ಮೊದಲು ಯಾವುದೋ ಸಿಮೆಂಟಿನ ಜಾಹೀರಾತು ಒದರಿತು. ಅಪ್ಪ ಕೇಳಿಸಿಕೊಂಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ಆಮೇಲೆ ಬ್ಯೂಗಲ್. ಒಂಬತ್ತು ಕೈ ಒಟ್ಟಿಗೆ ಮೇಲೆದ್ದವು. ಒಬ್ಬರ ಮೊಣಕೈ ಪೂರ್ತಿ ಮಡಚುತ್ತಿರಲಿಲ್ಲ, ಆದರೂ ಕೊನೆಗೆ ಇಳಿದದ್ದು ಅವರದೇ ಕೈ. ಕುಣಿಗೆ ಇಳಿಸುವ ಮುಂಚೆ ಸುಬೇದಾರರು ಪದಕ ಬಿಚ್ಚಿ, ಅವ್ವನ ಬೊಗಸೆಯಲ್ಲಿಟ್ಟು ಅವಳಿಗೂ ಒಂದು ಸಲ್ಯೂಟ್ ಹೊಡೆದರು. ಐವತ್ತು ವರ್ಷದ ಸಂಸಾರದಲ್ಲಿ ಅವ್ವನಿಗೆ ಸಿಕ್ಕ ಮೊದಲ ಸಲ್ಯೂಟ್ ಅದು.

ಐದನೆಯ ದಿನ ಇಬ್ಬರು ಮತ್ತೆ ಬಂದರು. ಪಿಂಚಣಿ ಕಾಗದದಲ್ಲಿ ಅವ್ವನ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಅಫಿಡವಿಟ್ ಮಾಡಿಸಿದ್ದು, ಡಿಸ್ಚಾರ್ಜ್ ಬುಕ್ ಹುಡುಕಿದ್ದು, ಕುಟುಂಬ ಪಿಂಚಣಿಗೆ ಸ್ಪರ್ಶ್ ಎಂಬ ಸೇನಾ ಪಿಂಚಣಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದು ಎಲ್ಲ ಅವರೇ. ಪೆಟ್ರೋಲಿನ ದುಡ್ಡು ಮುಟ್ಟಲಿಲ್ಲ. ರೊಟ್ಟಿ ತಿಂದರು, ಅದೂ ಅವ್ವ ಗದರಿದ ಮೇಲೆ.

ತಮ್ಮ ತಂದ ಧ್ವಜ ಮಡಚಿ ಟ್ರಂಕಿನಲ್ಲಿಟ್ಟಿದ್ದೇವೆ. ಆಗಸ್ಟ್ 15ಕ್ಕೆ ಅದನ್ನು ನಮ್ಮ ಮಾಳಿಗೆ ಮೇಲೆ ಏರಿಸೋಣ ಎಂದಿದ್ದಾರೆ ಸುಬೇದಾರರು. ಒಂಬತ್ತೂ ಮಂದಿ ಬರಬೇಕು, ಅವತ್ತು ಹೋಳಿಗೆ ಊಟ. ಅವ್ವ ಹೇಳಿದ್ದಾಳೆ.