ಬೆಳಕಿಗಿಂತ ವೇಗ: ಆ ಫಾರ್ವರ್ಡ್ ಹಳೆಯದು

ಎಲ್ಲರಿಗೂ ನಮಸ್ಕಾರ. ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣ ಬೆಳಕನ್ನೇ ಹಿಂದೆ ಹಾಕಿತು ಎಂಬ ಫಾರ್ವರ್ಡ್ ನಿನ್ನೆಯಿಂದ ಮೂರು ಸಲ ಬಂದಿದೆ. ದಯವಿಟ್ಟು ಇನ್ನು ಕಳಿಸಬೇಡಿ. ಅದು 2011ರ ಸುದ್ದಿ. ಜಿನೀವಾ ಹತ್ತಿರದ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿ.ಮೀ. ಅಲ್ಲಿಗೆ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲೇ ಒಂದು ನ್ಯಾನೊಸೆಕೆಂಡ್) ಬೇಗ ತಲುಪಿದಂತೆ ಕಂಡಿತ್ತು. ಮರುವರ್ಷ ನೋಡಿದರೆ ಮುಖ್ಯ ಕಾರಣ, ಸಮಯ ಅಳೆಯುವ ವ್ಯವಸ್ಥೆಯಲ್ಲಿ ಸರಿಯಾಗಿ ಕೂರದ ಒಂದು ಕೇಬಲ್! ನಮ್ಮ ಮನೆ ಟಿವಿ ಕಥೆಯೇ, ಅಲ್ವಾ?

ತೂಕವಿರುವ ಯಾವ ವಸ್ತುವಿಗೂ ಬೆಳಕಿನ ವೇಗ ಮುಟ್ಟಲು ಲೆಕ್ಕವಿಲ್ಲದಷ್ಟು ಶಕ್ತಿ ಬೇಕು. 1994ರಲ್ಲಿ ಅಲ್ಕುಬಿಯೆರ್ರೆ ಎಂಬ ಭೌತವಿಜ್ಞಾನಿ, ಬೆಳಕಿಗಿಂತ ಬೇಗ ಹೋಗಲು ಜಾಗವನ್ನೇ ಮುಂದೆ ಕುಗ್ಗಿಸಿ, ಹಿಂದೆ ಹಿಗ್ಗಿಸುವ ಉಪಾಯ ಹೇಳಿದರು. ಲೆಕ್ಕದಲ್ಲಿ ಚಂದ. ಆದರೆ ಅದಕ್ಕೆ ಋಣ ಶಕ್ತಿ (ಸೊನ್ನೆಗಿಂತ ಕಡಿಮೆ ಶಕ್ತಿ) ಬೇಕು, ಅಷ್ಟನ್ನು ಎಲ್ಲಿಂದ ತರೋಣ?

ವಾದ ಉಳಿದವರು ಭಾನುವಾರ ಸಂಜೆ 6ಕ್ಕೆ ಮಲ್ಪೆ ಬೀಚಿಗೆ ಬನ್ನಿ. ಮೋಡ ಇದ್ದರೆ ಸುಮ್ನೆ ಗೋಳಿಬಜೆ ತಿಂದು ಬರೋಣ.